ಸೀತಾಫಲದ ಚೀಟಿ

ಗಣಪತಿ ಕಳಿಸಿದ ಮೇಲೆ ಮಹಾಲಯ ಅಮಾವಾಸ್ಯೆಯವರೆಗಿನ ದಿನಗಳು ನನ್ನ ಅಂಗಡಿಗೆ ವರ್ಷದ ಒಳ್ಳೆಯ ಕಾಲ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಇರುವುದು ಒಂದೇ ಬಾಗಿಲಿನ ಅಂಗಡಿ. ವರ್ಷವಿಡೀ ಸಿಗುವ ಸಾಮಾನು ಒಳಗಿನ ಕಪಾಟಿನಲ್ಲಿರುತ್ತದೆ. ಬಾಗಿಲಿನ ಹಲಗೆಯ ಮೇಲೆ ಆಯಾ ಕಾಲದಲ್ಲಿ ನನಗೆ ಇಷ್ಟವಾದದ್ದನ್ನು ಮಾತ್ರ ಇಡುತ್ತೇನೆ. ಭಾದ್ರಪದದಲ್ಲಾದರೆ ಹೊಸ ಹೆಸರುಕಾಳು, ಮಣ್ಣು ಅಂಟಿಕೊಂಡೇ ಇರುವ ಹಸಿ ಶೇಂಗಾ, ಮತ್ತು ಸೀತಾಫಲ.

ಗಿರಾಕಿಗಳ ಜೊತೆ ಮಾತಾಡುವುದು ನನಗೆ ಬರುವುದಿಲ್ಲ. ಅದಕ್ಕೇ ಒಂದೊಂದರ ಪಕ್ಕದಲ್ಲೂ ಒಂದು ರಟ್ಟಿನ ಚೀಟಿ ಬರೆದು ನಿಲ್ಲಿಸುತ್ತೇನೆ. ಎಲ್ಲಿಂದ ಬಂತು, ಹೇಗೆ ತಿನ್ನಬೇಕು, ಅಷ್ಟೆ. ಚೀಟಿಗೆ ಎರಡೇ ಸಾಲು, ದಪ್ಪ ಅಕ್ಷರ. ಜನ ಅವನ್ನು ನಿಂತು ಓದುತ್ತಾರೆಂಬುದು ನನ್ನ ಒಳಗಿನ ಹೆಮ್ಮೆಯಾಗಿತ್ತು.

ಸೀತಾಫಲ ತರುವವಳು ಹರಿಹರದ ಒಬ್ಬ ಅಜ್ಜಿ. ಹೊಳೆಯಾಚೆಯ ಗುಡ್ಡದ ಬೇಲಿಗಳಲ್ಲಿ ಕಿತ್ತ ಹಣ್ಣನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ ತುಂಬಿಕೊಂಡು ಬೆಳಗಿನ ರೈಲಿಗೆ ಬರುತ್ತಾಳೆ. ಹೋದ ವರ್ಷ ಮೊದಲ ಬುಟ್ಟಿ ಇಳಿಸಿದಾಗ, ನಾನು ತಿಂದು ಉಗಿದ ಕರೀ ಬೀಜಗಳನ್ನು ಅವಳು ಬೆರಳಿನಿಂದ ಒಟ್ಟುಗೂಡಿಸಿದಳು.

"ಚೆಲ್ಲಬ್ಯಾಡ ಯವ್ವಾ. ಒಣಗಿಸಿ ಕುಟ್ಟಿ, ಕೊಬ್ರಿ ಎಣ್ಣ್ಯಾಗ ಕಲಸಿ ತಲಿಗೆ ಹಚ್ಚಿದ್ರೆ ಹೇನು ಒಂದೂ ಉಳಿಯಂಗಿಲ್ಲ. ಕಣ್ಣಿಗೆ ಮಾತ್ರ ತಾಗಬಾರ್ದು ನೋಡು."

ಆ ಕೊನೆಯ ಮಾತು ನನಗೆ ಹೊಸದಾಗಿರಲಿಲ್ಲ. ಎಂ.ಎಸ್ಸಿ.ಯಲ್ಲಿ ನನ್ನ ವಿಷಯ ಸಸ್ಯಶಾಸ್ತ್ರ. ಪ್ರಯೋಗಾಲಯದಲ್ಲಿ ಅದೇ ಬೀಜವನ್ನು ಪುಡಿ ಮಾಡುವಾಗ ಕನ್ನಡಕ ಹಾಕದವರನ್ನು ನಮ್ಮ ಮೇಡಂ ಹೊರಗೆ ಕಳಿಸುತ್ತಿದ್ದರು.

ಚೀಟಿಯಲ್ಲಿ ಬರೆದೆ: "ಹರಿಹರದ ಗುಡ್ಡದ ಹಣ್ಣು, ಸಿಪ್ಪೆ ಕಣ್ಣು ಬಿಟ್ಟ ಮರುದಿನ ತಿನ್ನಿ. ಬೀಜ ಚೆಲ್ಲಬೇಡಿ, ಹೇನಿಗೆ ಮದ್ದು." ಮೂರನೆಯ ಸಾಲು ಬರೆಯಲು ಪೆನ್ನು ಎತ್ತಿದ್ದೆ. ಬರೆದರೆ ಚೀಟಿ ಔಷಧದ ಬಾಟಲಿಯಂತೆ ಕಾಣುತ್ತದೆ ಅನ್ನಿಸಿತು. ಪೆನ್ನಿಗೆ ಮುಚ್ಚಳ ಹಾಕಿದೆ. ತೊಳೆದು ಒಣಗಿಸಿದ ಬೀಜವನ್ನು ಗಾಜಿನ ಭರಣಿಯಲ್ಲಿ ತುಂಬಿ ಹಣ್ಣಿನ ಪಕ್ಕ ಇಟ್ಟೆ. ಕೇಳಿದವರಿಗೆ ಒಂದು ಪೊಟ್ಟಣ ಕಟ್ಟಿ ಕೊಡುತ್ತಿದ್ದೆ.

ನನ್ನ ಅಂಗಡಿಗೆ ನೇರ ಎದುರು, ನಾಲ್ಕು ಹೆಜ್ಜೆ ಅಗಲದ ಓಣಿಯಾಚೆ, ಬ್ಲೌಸ್ ಹೊಲಿಯುವ ಅಕ್ಕ ಕೂರುತ್ತಾಳೆ. ಅವಳಿಗೆ ಹುಟ್ಟಿನಿಂದಲೂ ಬಲಗಣ್ಣು ಮಂಜು. ಸೂಜಿಗೆ ದಾರ ಪೋಣಿಸುವಾಗ ಮುಖವನ್ನು ಓರೆ ಮಾಡಿ ಎಡಗಣ್ಣಿನ ಹತ್ತಿರ ಹಿಡಿಯುತ್ತಾಳೆ. ಹೊಲಿಗೆ, ಮಗಳ ಸ್ಕೂಲು, ಮನೆ ಎಲ್ಲವೂ ಆ ಒಂದು ಕಣ್ಣಿನ ಮೇಲೆ ನಡೆಯುವುದು ಓಣಿಯಲ್ಲಿ ಎಲ್ಲರಿಗೂ ಗೊತ್ತು.

"ಏನ್ ಎಮ್ಮೆಸ್ಸಿ, ಹೇನಿನ ಡಾಕ್ಟ್ರೂ ಆಗಿಬಿಟ್ಟ್ಯೇನು?" ಎಂದು ಒಂದು ಮಧ್ಯಾಹ್ನ ಬಂದಳು. "ನಮ್ಮಾಕಿ ತಲಿಯಾಗ ಒಂದು ಊರೇ ಐತೆ. ದಸರಾ ರಜಾಕ್ಕೆ ಅಜ್ಜಿ ಮನಿಗೆ ಹೋದ್ರ ಅಲ್ಲೂ ಹಂಚಿ ಬರ್ತಾಳ. ಇದು ಖರೇನಾ?"

ನಾನು ಹೆಸರುಕಾಳು ಅಳೆಯುತ್ತಿದ್ದೆ. "ಹೌದಕ್ಕಾ" ಎಂದು ಪೊಟ್ಟಣ ಕೊಟ್ಟೆ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ.

ಮರುದಿನ ಎದುರಿನ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಅರ್ಧ ಹೊಲಿದ ಬ್ಲೌಸ್ ಕೇಳಲು ಬಂದ ಹೆಂಗಸೊಬ್ಬಳು ನನ್ನ ಹಲಗೆಗೆ ಒರಗಿ ಹೇಳಿದಳು. ಬೀಜ ಕುಟ್ಟುವಾಗ ಪುಡಿ ಹಾರೀತೆಂದು ಅಕ್ಕ ಮಗಳ ಕಣ್ಣಿಗೆ ಬಟ್ಟೆ ಕಟ್ಟಿ ದೂರ ಕೂರಿಸಿದ್ದಳಂತೆ. ಬೆವರು ಒರೆಸಿಕೊಳ್ಳುವಾಗ ತನ್ನ ಕೈ ಮರೆತಳಂತೆ. ಎಡಗಣ್ಣು.

ಆಸ್ಪತ್ರೆಗೆ ಹೋದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಕರಿಗುಡ್ಡೆಗೆ ಗಾಯವಾಗಿದೆ, ಒಂದು ವಾರ ಕಳೆಯದೆ ಏನೂ ಹೇಳುವುದಿಲ್ಲ ಎಂದಿದ್ದರಂತೆ ಡಾಕ್ಟರು. ನನ್ನ ದನಿ ಕೇಳಿ ಅವಳು ಮುಖವನ್ನು ನನ್ನ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿಸಿದಳು. ನಾನು ಅಲ್ಲಿ ಇದ್ದೇನೆಂದು ಅವಳು ಅಂದುಕೊಂಡಿದ್ದಳು.

"ಯಾರ್ದೂ ತಪ್ಪಿಲ್ಲ ಎಮ್ಮೆಸ್ಸಿ. ಕೈ ತೊಳೀದ ಕಣ್ಣು ಉಜ್ಜಿಕೊಂಡಾಕಿ ನಾನು. ಹೇನಂತೂ ಸತ್ವು ನೋಡು" ಎಂದು ನಕ್ಕಳು.

ಅದು ಹೇಳಬೇಕಾದ ಹೊತ್ತು. ನಾನು ತಂದಿದ್ದ ಬಾಳೆಹಣ್ಣನ್ನು ಅವಳ ಕೈಗೆ ತಾಗಿಸಿ ಎದ್ದು ಬಂದೆ.

ಮಾರನೆಯ ದಿನ ಹರಿಹರಕ್ಕೆ ಬಸ್ ಹತ್ತಿದೆ. ಅಜ್ಜಿ ನಿಲ್ದಾಣದ ಹೊರಗೆ ಬುಟ್ಟಿಯ ಮುಂದೆ ಕೂತಿದ್ದಳು. ಬೆಳಿಗ್ಗೆಯಿಂದ ಮೋಡ ಕವಿದು, ಗಾಳಿಯೇ ಇರಲಿಲ್ಲ. ನಾನು ಹೇಳುವುದನ್ನೆಲ್ಲ ಅವಳು ಹಣ್ಣು ತಿರುಗಿಸಿ ಇಡುತ್ತಲೇ ಕೇಳಿದಳು.

"ನಾ ಹೇಳಿರಲಿಲ್ಲೇನು?"

"ಹೇಳಿದ್ದಿ ಅಜ್ಜಿ."

"ನಮ್ಮಕ್ಕಂದೂ ಹಿಂಗೇ ಆತು. ಹದಿನೈದು ದಿನ ಹಾಲು ಹಾಕಿದ್ವಿ, ಎಣ್ಣಿ ಹಾಕಿದ್ವಿ. ಕೆಂಪು ಇಳೀತು. ಬೆಳಕು ಬರಲಿಲ್ಲ." ಒಂದು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕೆ ಇಟ್ಟಳು. "ಅದಕ್ಕೇ ನಾ ಬೀಜ ಕೊಟ್ಟೋರಿಗೆಲ್ಲ ಹೇಳ್ತೀನಿ. ಹೇಳದ ಕೊಡಂಗಿಲ್ಲ."

ವಾಪಸು ಬಂದು ಭರಣಿಯನ್ನು ಒಳಗೆ ಸರಿಸಿದೆ. ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಯಾರು ಯಾರು ಪೊಟ್ಟಣ ಒಯ್ದರೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಮೂರು ಮುಖ ನೆನಪಾದವು, ಆ ಮೂವರ ಮನೆಗೂ ಹೋಗಿ ಹೇಳಿ ಬಂದೆ. ಉಳಿದವರು ಯಾರೋ ಗೊತ್ತಿಲ್ಲ. ಆಮೇಲೆ ಚೀಟಿಯನ್ನು ಕೈಗೆ ತೆಗೆದುಕೊಂಡೆ. ಹರಿದು ಹಾಕಿದರೆ ಯಾಕೆಂದು ಓಣಿ ಕೇಳುತ್ತದೆ. ಹಾಗೇ ಬಿಟ್ಟರೆ ಪೊಟ್ಟಣ ಒಯ್ದವರು ಮತ್ತೆ ಬಂದಾಗಲೂ ಅದನ್ನೇ ಓದುತ್ತಾರೆ. ಉಳಿದಿದ್ದ ಸಣ್ಣ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಮೂರನೆಯ ಸಾಲು ಸೇರಿಸಿದೆ: "ಕಣ್ಣಿಗೆ ತಾಗಬಾರದು."

ವಾರದ ಕೊನೆಗೆ ಪಟ್ಟಿ ಬಿಚ್ಚಿದರು. ಬೆಳಕು ಕಾಣುತ್ತದೆ, ಉಳಿದದ್ದು ನಿಧಾನ ಎಂದರಂತೆ. ಅಕ್ಕ ಬಂದು ಮಷೀನಿನ ಮುಂದೆ ಸುಮ್ಮನೆ ಕೂತಳು. ದಸರೆಯ ಬಟ್ಟೆ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ಯುತ್ತಿದ್ದರು.

"ಎಮ್ಮೆಸ್ಸಿ, ನಿನ್ನ ಆ ಚೀಟಿ ಅಲ್ಲೇ ಇರ್ಲಿ" ಎಂದಳು. "ದಿನಾ ಅದನ್ನೇ ಓದಿ ನೋಡ್ತೀನಿ. ಡಾಕ್ಟ್ರ ಗೋಡಿ ಮ್ಯಾಲಿನ ಇಂಗ್ಲಿಷ್ ಅಕ್ಷರ ಯಾರಿಗೆ ಬೇಕು?"

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅವಳು ಬಲಗಣ್ಣಿಗೆ ಅಂಗೈ ಮುಚ್ಚಿ ನನ್ನ ಹಲಗೆಯತ್ತ ನೋಡುತ್ತಿದ್ದಳು. ಮೊದಲ ದಿನ, "ಬೆಳ್ಳಗ ಏನೋ ಐತೆ." ಎರಡು ದಿನ ಬಿಟ್ಟು, "ಇರುವೆ ಸಾಲು ಹೊಂಟಂಗೈತೆ." ಆಮೇಲೆ ಒಂದು ದಿನ "ಹರಿಹರದ" ಎಂದು ಕೂಗಿದಳು, ಮಗಳು ಚಪ್ಪಾಳೆ ತಟ್ಟಿದಳು. ನಾನೂ ನಕ್ಕೆ. ನನ್ನ ಕೈ ಮಾತ್ರ ತಕ್ಕಡಿಯ ಸರಪಳಿಯನ್ನು ಬಿಡಲಿಲ್ಲ. ಅವಳಿಗೆ ಕಣ್ಣು ಬರಲಿ ಎಂದು ನಾನು ನಿಜವಾಗಿ ಬೇಡಿಕೊಳ್ಳುತ್ತಿದ್ದೆ. ಎರಡನೆಯ ಸಾಲಿನವರೆಗೆ ಬಂದರೆ ಸಾಕು ಎಂದೂ.

ಹಲಗೆಯ ಮೇಲೆ ಹಣ್ಣು ಮುಗಿಯಿತು. ಕೊನೆಯ ಎರಡು ಕಪ್ಪಾಗಿ ಒಡೆದವು, ಎಸೆದೆ. ಖಾಲಿ ಹಲಗೆಯ ಮೇಲೆ ಆ ಚೀಟಿ ಒಂದೇ ನಿಂತಿತ್ತು. ತೆಗೆಯುವ ಹಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅವಳು ಎರಡನೆಯ ಸಾಲನ್ನು ತಡೆಯಿಲ್ಲದೆ ಓದಿದಳು. ಅಂಗೈ ಇಳಿಸಲಿಲ್ಲ. ಕತ್ತನ್ನು ಮುಂದೆ ಚಾಚಿದಳು.

"ಕಣ್ಣಿಗೆ..." ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ತಾಗಬಾರದು."

ಓಣಿಯಲ್ಲಿ ಯಾವುದೋ ಸ್ಕೂಟರ್ ಹಾದುಹೋಯಿತು.

"ಇದು ಮೊದ್ಲು ಇರಲಿಲ್ಲ."

"ಇರಲಿಲ್ಲ ಅಕ್ಕಾ."

"ನಿನಗೆ ಮೊದ್ಲೇ ಗೊತ್ತಿತ್ತೇನು?"

ಕೊನೆಗೆ ಕೇಳಿಯೇ ಬಿಟ್ಟಿದ್ದಳು. "ಗೊತ್ತಿತ್ತು" ಎಂದೆ.

ಅವಳು ಅಂಗೈ ಇಳಿಸಿ, ಸೂಜಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ದಾರ ಪೋಣಿಸಿದಳು. ಮೂರನೆಯ ಸಲಕ್ಕೆ ಹೋಯಿತು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

"ಅಕ್ಷರ ಭಾಳ ಸಣ್ಣದು ಬರದೀರಿ."

ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಈ ವರ್ಷದ ಚೀಟಿಯಲ್ಲಿ ಆ ಸಾಲನ್ನು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪಗೆ ಬರೆದಿದ್ದೇನೆ. ಅವಳು ಎದುರಿಗೇ ಕೂತು ಹೊಲಿಯುತ್ತಾಳೆ. ನನ್ನನ್ನು ಈಗ ಮೇಡಂ ಅನ್ನುತ್ತಾಳೆ.