ಸೀತಾಫಲದ ಸೊಪ್ಪು, ಅವ್ವನ ಸೀರೆಯಂಚು

ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ಜಗಳೂರಿನ ಕಡೆ ಹೇನಿನ ಔಷಧಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಗುಡ್ಡದಲ್ಲಿ ಸಿಗುತ್ತಿತ್ತು. ನಮ್ಮೂರ ಹಿಂದಿನ ಕಲ್ಲುಗುಡ್ಡದ ತುಂಬ ಸೀತಾಫಲದ ಗಿಡಗಳು. ಹಣ್ಣು ನಮಗೆ, ಎಲೆ ಹೇನಿಗೆ. ಕಂಡದ್ದಕ್ಕೆಲ್ಲ ಬಾಯಿ ಹಾಕುವ ಆಡು ಕೂಡ ಆ ಎಲೆಯನ್ನು ಮೂಸಿ ಮುಂದೆ ಹೋಗುತ್ತಿತ್ತು. ಆ ಎಲೆಯೊಳಗೆ ಹುಳುಗಳನ್ನು ಸಾಯಿಸುವ ಸತ್ವವಿದೆ ಎಂದು ಮೊಮ್ಮಕ್ಕಳಾದ ನೀವು ಈಗ ಪುಸ್ತಕ ನೋಡಿ ಹೇಳುತ್ತೀರಿ. ಆಡಿಗೆ ಅದು ಆಗಲೇ ಗೊತ್ತಿತ್ತು, ಮಕ್ಕಳೇ.

ಹಾಗಿರುವಾಗ ಒಂದು ವರ್ಷ ಅವ್ವ ತೀರಿಕೊಂಡಳು. ನಾನು ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ, ತಿಥಿಯ ದಿನವೂ ಅಳಲಿಲ್ಲ. ದುಃಖ ತಡೆದುಕೊಂಡಿದ್ದೆ ಅಂತಲ್ಲ, ಒಳಗೆ ಏನೂ ಇರಲೇ ಇಲ್ಲ. ಕೈ ಮರಗಟ್ಟಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಕೊಟ್ಟ ರೊಟ್ಟಿ ತಿನ್ನುತ್ತಿದ್ದೆ, ಹೇಳಿದ ಕಡೆ ಕೂರುತ್ತಿದ್ದೆ. "ಈ ಹುಡುಗಿ ಒಂದ್ಸಲ ಅತ್ತುಬಿಟ್ರೆ ಸಾಕು. ಹಿಂಗೇ ಕಲ್ಲಾಗಿ ಕುಂತ್ರೆ ಹೆಂಗೆ?" ಎಂದು ಅಪ್ಪ ಅಕ್ಕನ ಹತ್ತಿರ ಹೇಳುವುದು ಕೇಳಿಸುತ್ತಿತ್ತು. ಅಪ್ಪನಿಗೆ ಆಗ ನನ್ನದೇ ಚಿಂತೆ.

ಸೂತಕದಲ್ಲಿ ಯಾರೂ ನನ್ನ ತಲೆ ಬಾಚಿರಲಿಲ್ಲ. ಕೂದಲ ತುಂಬ ಹೇನು. ಒಂದು ಬೆಳಿಗ್ಗೆ ಅಕ್ಕ ಗುಡ್ಡಕ್ಕೆ ಹೋಗಿ ಲಂಗದ ಮಡಿಲಲ್ಲಿ ಎಲೆ ತುಂಬಿಕೊಂಡು ಬಂದಳು. "ಬಾರೆ, ನಾನೇ ಹಚ್ತೀನಿ. ಅವ್ವ ಮಾಡಾದು ನೋಡೀನಿ" ಎಂದಳು. ಎಲೆಯನ್ನು ಒರಳಿಗೆ ಹಾಕಿ ರುಬ್ಬಿದಳು. ಹಸಿ ಎಲೆಯ ಕಮಟು ವಾಸನೆ ಅಂಗಳದ ತುಂಬ ಹರಡಿತು. ಅದೇ ವಾಸನೆ, ಅದೇ ಒರಳು, ನಾನು ಕೂತಿದ್ದೂ ಅದೇ ಬಚ್ಚಲ ಕಲ್ಲಿನ ಮೇಲೆ. ಆಗಲೂ ಏನೂ ಅನ್ನಿಸಲಿಲ್ಲ.

ಅಕ್ಕ ಹಸಿರು ಹಿಂಡಿಯನ್ನು ನೆತ್ತಿಗೆ ಮೆತ್ತಿದಳು. ತಣ್ಣಗಿನ ರಸ ಹಣೆಗೆ ಇಳಿಯಿತು, ಹುಬ್ಬು ದಾಟಿತು, ಕಣ್ಣಿಗೆ ಹೋಯಿತು. ಮೆಣಸಿನಕಾಯಿ ತಿಕ್ಕಿದಂಥ ಉರಿ!

"ಅವ್ವಾ, ಬಟ್ಟೆ! ಬಟ್ಟೇನೇ ಕಟ್ಲಿಲ್ಲ ನೀನು!" ಎಂದು ಕಿರುಚಿದೆ.

ಎಲೆ ಹಚ್ಚುವ ಮೊದಲು ಅವ್ವ ಯಾವಾಗಲೂ ಹಳೆ ಸೀರೆಯ ಅಂಚು ಹರಿದು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟುತ್ತಿದ್ದಳು. ಯಾಕೆಂದು ಹೇಳಿರಲಿಲ್ಲ. ನಾನು ಅಲುಗಾಡದೆ ಕೂರಲಿ ಎಂದು ಅವ್ವ ಹೂಡಿದ ಆಟ ಎಂದೇ ನಾವಿಬ್ಬರೂ ತಿಳಿದಿದ್ದೆವು. ಆಟ ಬೇಡವೆಂದು ಅಕ್ಕ ಅದನ್ನು ಬಿಟ್ಟಿದ್ದಳು.

ಅಪ್ಪ ಓಡಿ ಬಂದು ಬಿಂದಿಗೆಯ ನೀರನ್ನು ಮುಖಕ್ಕೆ ಸುರಿದ. "ತಿಕ್ಕಬ್ಯಾಡ, ಕಣ್ಣು ಬಿಡು!" ಉರಿ ಇಳಿಯಿತು, ಅಳು ಇಳಿಯಲಿಲ್ಲ. ಅವ್ವಾ ಎಂದರೆ ಓಗೊಡುವವಳು ಇನ್ನಿಲ್ಲವೆಂದು ನನಗೆ ಆಗ ಗೊತ್ತಾಯಿತು. "ಅಳು ತಾಯಿ, ಅಳು" ಎನ್ನುತ್ತ ಅಪ್ಪನೂ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟ.

ಈಗ ನಿಮ್ಮ ಹೇನಿಗೆ ಬಾಟಲಿಯ ಔಷಧಿ ಬರುತ್ತದೆ, ಘಮಘಮ ವಾಸನೆಯದು. ಕಣ್ಣಿಗೆ ತಾಗಬಾರದೆಂದು ಅದರ ಮೇಲೆ ಅಚ್ಚು ಹಾಕಿರುತ್ತಾರೆ, ನೀವೇ ಓದಿ ಹೇಳುತ್ತೀರಿ. ಆದರೂ ಹಚ್ಚುವ ಮೊದಲು ನಾನು ನಿಮ್ಮ ಕಣ್ಣಿಗೆ ಹಳೆ ಸೀರೆಯಂಚು ಕಟ್ಟುತ್ತೇನೆ. "ಇದೇನಜ್ಜಿ, ಆಟಾನಾ?" ಎಂದು ನಗುತ್ತೀರಿ. ಯಾಕೆಂದು ಅವ್ವ ನನಗೆ ಹೇಳಲಿಲ್ಲ. ನಾನು ನಿಮಗೆ ಹೇಳಿದ್ದೇನೆ.