ಕಳ್ಳಗಿವಿಯನ್ನು ಹಿಡಿಯುವ ಬೆಳಕು

ತೊಂಬತ್ತರ ದಶಕದ ಮೊದಲಲ್ಲಿ ಹಂಸ ಹೊಳೆನರಸೀಪುರದಲ್ಲಿ ಟೆಲಿಫೋನ್ ಆಪರೇಟರ್. ಆಗಲೇ ಆ ಆಪಾದನೆ ಬಂದದ್ದು. ಪೇಟೆಯ ತೆಂಗಿನಕಾಯಿ ವ್ಯಾಪಾರಿ ಚನ್ನಪ್ಪ, ಮಗಳಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿದ್ದ ಸಂಗತಿಯನ್ನು ಅರಕಲಗೂಡಿನ ಅಣ್ಣನ ಹತ್ತಿರ, ಹಂಸ ಜೋಡಿಸಿಕೊಟ್ಟ ಫೋನಿನಲ್ಲಿ ಆಡಿದ್ದ. ಅದು ಹೇಗೋ ಗಂಡಿನ ಕಡೆಯವರ ಕಿವಿಗೆ ಬಿದ್ದು ಸಂಬಂಧ ಮುರಿಯಿತು.

"ನೀನೇ ಕಣಮ್ಮ ಕೇಳುಸ್ಕೊಂಡು ಯೋಳಿರೋದು! ಇನ್ಯಾರ್ಗೆ ಗೊತ್ತಿತ್ತು?" ಎಂದು ಚನ್ನಪ್ಪ ಬೀದಿಯಲ್ಲೇ ಕೂಗಾಡಿದ.

"ದೇವರಾಣೆ, ನಾನಲ್ಲ" ಎಂದಳು ಹಂಸ. ತಂತಿಯ ಮೇಲೆ ಯಾರು ಕಿವಿ ಇಟ್ಟಿದ್ದರೋ, ತೋರಿಸಿಕೊಡುವುದು ಹೇಗೆ? ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

೨೦೦೮ರಲ್ಲಿ ಹಾಸನದ ಕಾಲೇಜೊಂದರಲ್ಲಿ ಉಪಗ್ರಹಗಳ ಬಗ್ಗೆ ಉಪನ್ಯಾಸವಿತ್ತು. ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರದ ದೊಡ್ಡ ಡಿಶ್‌ಗಳನ್ನು ಬಸ್ಸಿನಿಂದ ನೋಡಿ ನೋಡಿ ಕುತೂಹಲ ಬೆಳೆಸಿಕೊಂಡಿದ್ದ ಹಂಸ ರಜೆ ಹಾಕಿ ಹೋದಳು. ಭೌತಶಾಸ್ತ್ರದ ಮೇಡಂ ರಂಜನಿ ಹೇಳುತ್ತಿದ್ದರು: "ಮುಂದೆ ಗುಟ್ಟಿನ ಮಾತಿಗೆ ಹಾಕೋ ಬೀಗದ ಕೀಲಿಯನ್ನ ಉಪಗ್ರಹದಿಂದ ಬೆಳಕಿನ ಒಂದೊಂದೇ ಕಣದಲ್ಲಿ ಕಳಿಸಬಹುದು."

ಹಂಸ ಎದ್ದು ನಿಂತಳು. "ನಡುವೆ ಯಾರಾದ್ರೂ ಕದ್ದು ನೋಡಿದ್ರೆ?"

"ನೋಡಿದ ತಕ್ಷಣ ಕಣದ ಸ್ಥಿತಿ ಕೆಡುತ್ತೆ. ಎರಡೂ ಕಡೆಯವರು ತಾಳೆ ನೋಡಿದಾಗ ತಪ್ಪುಗಳು ಸಿಕ್ಕಿ, ಕಳ್ಳತನ ಗೊತ್ತಾಗಿಬಿಡುತ್ತೆ. ಆ ಕೀಲಿ ಬಿಸಾಕ್ತಾರೆ."

"ಅಂದ್ರೆ ಕಳ್ಳ ಸಿಕ್ಕಿಬೀಳ್ತಾನಾ?"

"ಬನ್ನಿ, ನೀವೇ ಕಳ್ಳರಾಗಿ!" ರಂಜನಿ ನಕ್ಕು ವೇದಿಕೆಗೆ ಕರೆದರು. ಬೆಳಕನ್ನು ಸೋಸುವ ಎರಡು ಹಾಳೆಗಳನ್ನು ಒಂದರ ಮುಂದೊಂದು, ಒಂದು ಅಡ್ಡ ಒಂದು ಉದ್ದ ಹಿಡಿದು ಟಾರ್ಚ್ ಬಿಟ್ಟರು. ಹಾಳೆಗಳ ಆಚೆ ಕತ್ತಲೆ. "ಈಗ ಈ ಮೂರನೇ ಹಾಳೆ ನಡುವೆ ಓರೆಯಾಗಿ ತೂರಿಸಿ."

ಹಂಸ ತೂರಿಸಿದಳು. ಕತ್ತಲಿದ್ದ ಕಡೆ ಬೆಳಕು ಮೂಡಿತು! ನಡುವೆ ಕೈಹಾಕಿದ್ದಕ್ಕೆ ಬೆಳಕೇ ಸಾಕ್ಷಿ ನುಡಿದಂತಿತ್ತು. ಹಂಸ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು, ಕಣ್ಣಲ್ಲಿ ನೀರು.

"ನಿಜವಾದ ಯಂತ್ರ ಇಷ್ಟು ಸುಲಭ ಅಲ್ಲ" ಎಂದರು ರಂಜನಿ. "ಯೂರೋಪಿನಲ್ಲಿ ಉಪಗ್ರಹಕ್ಕೆ ಬಡಿದು ಬಂದ ಒಂದೊಂದು ಕಣ ಹಿಡಿದಿದ್ದಾರೆ, ಅಷ್ಟೆ. ಇನ್ನೂ ವರ್ಷಗಳು ಬೇಕು."

"ಬೇಕಾದ್ರೆ ಬೇಕಾಗ್ಲಿ ಬಿಡಿ. ಈ ಹಾಳೆ ಎಲ್ಲಿ ಸಿಗುತ್ತೆ, ಅದನ್ನ ಮೊದಲು ಹೇಳಿ!"

ಮುಂದಿನ ತಿಂಗಳೇ ಅರಕಲಗೂಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಂಸ ಹಾಳೆಗಳನ್ನು ಹಿಡಿದು ನಿಂತಿದ್ದಳು. ಕಳ್ಳರಾಗಲು ಇಡೀ ತರಗತಿಯೇ ಕೈಯೆತ್ತಿ ಬೆಂಚು ಹತ್ತಿತ್ತು.