ಮೂವರು ಕಳ್ಳರ ದುಭಾಷಿ

ತಮಿಳುನಾಡಿನ ಹೊಸೂರು ಸೀಮೆಯ ಬಾಗಲೂರಿನಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ರಾಮಾಂಜಿನಪ್ಪನವರಷ್ಟು ಇಂಗ್ಲಿಷ್ ಬಲ್ಲವರು ಇನ್ನೊಬ್ಬರಿಲ್ಲ ಎಂಬುದು ಹದಿನೆಂಟು ವರ್ಷಗಳಿಂದ ಎಲ್ಲರೂ ಒಪ್ಪಿದ ಮಾತು. ಒಪ್ಪದವರು ಇಬ್ಬರೇ. ಒಬ್ಬರು ಅವರ ಹೆಂಡತಿ ಗಂಗಾದೇವಿ, ಇನ್ನೊಬ್ಬರು ಸ್ವತಃ ರಾಮಾಂಜಿನಪ್ಪ.

ತಪ್ಪು ಅವರದಲ್ಲ. ಹೊಸೂರಿನ ಒಂದು ಕಾನ್ವೆಂಟಿನ ಬಸ್ಸನ್ನು ಅವರು ಇಪ್ಪತ್ತನಾಲ್ಕು ವರ್ಷ ಓಡಿಸಿದರು. ಬಸ್ಸಿಗೆ ಒಂದು ಗೀರು ಬೀಳಲಿಲ್ಲ, ಒಂದು ಮಗುವಿನ ಮೊಣಕಾಲು ತರಚಲಿಲ್ಲ. ದಿನವಿಡೀ ಸಿಸ್ಟರುಗಳ ನಡುವೆ ಇರುವವನಿಗೆ ಇಂಗ್ಲಿಷ್ ಬಾರದೆ ಇದ್ದೀತೇ ಎಂದು ಊರೇ ತೀರ್ಮಾನಿಸಿಬಿಟ್ಟಿತು. ಇಂಗ್ಲಿಷೇನೋ ಅವರ ಬಸ್ಸಿನಲ್ಲಿ ಬೆಳಿಗ್ಗೆ ತಪ್ಪದೆ ಬರುತ್ತಿತ್ತು. ಸಂಜೆ ಅಷ್ಟೇ ತಪ್ಪದೆ ಇಳಿದು ಹೋಗುತ್ತಿತ್ತು. ಅವರ ಪಾಲಿಗೆ ಉಳಿದದ್ದು ‘ಸಿಟ್ ಡೌನ್’, ‘ಸ್ಲೋಲಿ’, ‘ಹೂ ಪುಷ್ಡ್’ ಎಂಬ ಮೂರು ಮಾತು. ಮಕ್ಕಳ ರಾಜ್ಯ ಆಳಲು ಅಷ್ಟು ಧಾರಾಳವಾಗಿ ಸಾಕು.

ಒಂದು ಕ್ರಿಸ್‌ಮಸ್‌ಗೆ ಮದರ್ ಕೇಕಿನ ಜೊತೆ ಒಂದು ಸಿ.ಡಿ. ಕೊಟ್ಟರು. ಕಪ್ಪು-ಬಿಳುಪಿನ ಹಳೆಯ ಇಂಗ್ಲಿಷ್ ಹಾಸ್ಯಚಿತ್ರ. ಹಬ್ಬದ ದಿನ ಮೂವರು ಕಳ್ಳರು ಬ್ಯಾಂಡಿನವರ ವೇಷ ಹಾಕಿ ಒಂದು ದೊಡ್ಡ ಮನೆಗೆ ನುಗ್ಗುತ್ತಾರೆ. ಮನೆಯೊಳಗಿನ ಒಂಟಿ ಮುದುಕಿ ಅವರನ್ನು ನಿಜವಾದ ಬ್ಯಾಂಡಿನವರೆಂದೇ ನಂಬಿ, ಕೂರಿಸಿ, ಊಟಕ್ಕಿಡುತ್ತಾಳೆ. ಉಂಡ ಮೇಲೆ ಕದಿಯುವುದು ಹೇಗೆಂದು ಕಳ್ಳರಿಗೆ ಸಂಕಟ.

ಅರೆವಾರ್ಷಿಕ ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಕ್ಕಿತ್ತು. ಹಾಲಿನ ಡೈರಿಯ ಹಾಲ್‌ನಲ್ಲಿ ಕಿಟಕಿಗಳಿಗೆ ಬೂಸಾ ಚೀಲ ಕಟ್ಟಿ, ಮಧ್ಯಾಹ್ನ ಮೂರಕ್ಕೆ ಪರದೆ ಬಿಟ್ಟು ಆ ಸಿ.ಡಿ. ಹಾಕಿದರು. ಐದು ನಿಮಿಷವೂ ಆಗಿರಲಿಲ್ಲ, ಮುಂದಿನ ಸಾಲಿನಿಂದ ಊರಿನ ಹಿರಿಯಾಕೆ ಮುನಿಗಂಗಮ್ಮನ ದನಿ ಬಂತು.

“ಲೋ ರಾಮಾಂಜಿ, ಆ ಡುಮ್ಮ ಏನ್ಲಾ ಅಂತಾವ್ನೆ? ನೀನು ಕಾನ್ವೆಂಟೋನಲ್ವಾ, ಹೇಳು.”

ಇಡೀ ಹಾಲ್ ತಿರುಗಿ ನೋಡಿತು. ಗೊತ್ತಿಲ್ಲ ಎನ್ನಲು ಬಾಯಿ ತೆರೆದ ರಾಮಾಂಜಿನಪ್ಪ, “ಹೊಟ್ಟೆ ಹಸೀತೈತಂತೆ” ಅಂದುಬಿಟ್ಟರು. ಪುಣ್ಯಕ್ಕೆ ಅದೇ ಗಳಿಗೆಯಲ್ಲಿ ಪರದೆಯ ಮೇಲಿನ ಡುಮ್ಮ ಒಂದು ಬನ್ನನ್ನು ಎತ್ತಿ ಕಚ್ಚಿದ. ಹಾಲ್ ಚಪ್ಪಾಳೆ ಹೊಡೆಯಿತು. ಅಲ್ಲಿಂದಾಚೆಗೆ ಆ ಗಾಡಿಗೆ ರಿವರ್ಸ್ ಗೇರೇ ಇರಲಿಲ್ಲ.

ಮರುವರ್ಷ ಅದೇ ಚಿತ್ರ ಮತ್ತೆ ಹಾಕಿದಾಗ ಕೈಗೆ ಮೈಕ್ ಬಂತು. ಸಿನಿಮಾದ ಸದ್ದನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ ಮೂವರು ಕಳ್ಳರಿಗೂ ತಾವೇ ದನಿಯಾದರು. ಡುಮ್ಮ ಹತ್ತಿರದ ಮತ್ತಿಗಿರಿಯವನಾದ, ತಮಿಳು ಬೆರೆಸಿ ಮಾತಾಡಿದ. ಕುಳ್ಳ ಅವಲಪಲ್ಲಿಯವನಾಗಿ ತೆಲುಗಿನಲ್ಲಿ ಬೈದ. ಉದ್ದನೆಯವನು ಬಾಗಲೂರಿನ ಉದ್ದಣ್ಣನಾದ. ಊರವರಿಗೆಲ್ಲ ಅವನ ಮೇಲೆಯೇ ಪ್ರೀತಿ. ಮುದುಕಿ ಬೇರೆ ಯಾರೂ ಅಲ್ಲ, ಉದ್ದಣ್ಣನ ಸೋದರತ್ತೆ. ತವರಿನವರ ಮೇಲೆ ಮುನಿಸಿಕೊಂಡು ಹೋದವಳು, ಈಗ ಅಳಿಯನ ಗುರುತು ಹಿಡಿದೂ ಹಿಡಿಯದವಳಂತೆ ಬಡಿಸುತ್ತಿದ್ದಾಳೆ. ಈ ಜಾಗ ಬಂದಾಗ ಪ್ರತಿ ವರ್ಷವೂ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಊರಿಗೆ ಬರುತ್ತಿದ್ದ ಬಸ್ಸು ನಿಂತ ವರ್ಷ ಕಳ್ಳರೂ ನಡೆದೇ ಬಂದಿದ್ದರು. ನವೆಂಬರ್ ಹುಟ್ಟಿದರೆ ಸಾಕು, ರಾಮಾಂಜಿನಪ್ಪ ಹಾಲು ಕರೆಯುತ್ತಲೇ ತಾಲೀಮಿಗೆಂದು ಮೂರು ಭಾಷೆಯಲ್ಲಿ ಜಗಳಾಡುತ್ತಿದ್ದರು.

ಈ ವರ್ಷ ವೇಣು ಮನೆಗೆ ಬಂದ. ಕಾರ್ಖಾನೆಯಲ್ಲಿ ಟೆಕ್ನಿಷಿಯನ್, ಯುವಕರ ಸಂಘದ ಅಧ್ಯಕ್ಷ.

“ಮಾವ, ಈ ಸಲ ನೀನು ಗಂಟ್ಲು ಹರ್ಕೊಳ್ಳಂಗಿಲ್ಲ. ಕಂಪ್ಯೂಟರ್‌ನಾಗೆ ಹಾಕಿ ಇಡೀ ಪಿಕ್ಚರ್ ಕನ್ನಡ ಮಾಡಿಸ್ಬುಟ್ಟಿವ್ನಿ. ಎರಡು ವಾರ ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಕೂತಿದ್ದೆ. ಅವ್ರು ಅಂದಿದ್ದು ಅಂದಂಗೇ ಬತ್ತದೆ. ನೀನು ಮುಂದುಗಡೆ ಕುರ್ಚೀಲಿ ಕೂತ್ಕೋ. ಪೊನ್ನಾಡೆ ಹೊದಿಸ್ತೀವಿ.”

ಪೊನ್ನಾಡೆ ಎಂದರೆ ಜರಿ ಅಂಚಿನ ಶಾಲು. ಸನ್ಮಾನವೂ ಮಾನಭಂಗವೂ ಒಂದೇ ಮಧ್ಯಾಹ್ನ, ಒಂದೇ ಕುರ್ಚಿಯಲ್ಲಿ ಆಗುವ ಏರ್ಪಾಡು. ಅವನು ಹೋದ ಮೇಲೆ ಗಂಗಾದೇವಿ ಮೊರದಿಂದ ತಲೆ ಎತ್ತದೆ ಹೇಳಿದರು:

“ಜ್ವರ ಅಂತ ಮನೇಲೇ ಇದ್ಬುಡು.”

“ಎಷ್ಟು ದಿನ ಅಂತ ಜ್ವರ ಬರುಸ್ಕೊಳ್ಳಾದು?”

“ಸಾಯೋಗಂಟ. ನಿಜ ಗೊತ್ತಾದ್ಮೇಲೆ ಊರ್ನಾಗೆ ಓಡಾಡಾದು ಬ್ಯಾಡ್ವಾ?”

ಆದರೂ ಹೋದರು. ಶಾಲು ಹೊದಿಸಿದರು, ಹಾರ ಹಾಕಿದರು, ‘ನಮ್ಮೂರಿನ ಇಂಗ್ಲಿಷ್ ವಿದ್ವಾಂಸರು’ ಎಂದು ಮೈಕಿನಲ್ಲಿ ಕೂಗಿದರು. ಡಿಸೆಂಬರಿನ ಚಳಿಯಲ್ಲೂ ಶಾಲಿನೊಳಗೆ ಬೆವರು.

ಚಿತ್ರ ಶುರುವಾಯಿತು. ಕಂಪ್ಯೂಟರು ಮೂವರು ಕಳ್ಳರಿಗೂ ವಾರ್ತೆ ಓದುವವರ ಒಂದೇ ದನಿ ಹಂಚಿತ್ತು. “ದಯಮಾಡಿ ಬಾಗಿಲನ್ನು ತೆರೆಯಿರಿ” ಎಂದು ಡುಮ್ಮ ಅಂದಾಗ ಯಾರೂ ನಗಲಿಲ್ಲ. ಮುದುಕಿ ಬಡಿಸುವ ಜಾಗ ಬಂತು. ಅವಳು ಉಪ್ಪಿನ ಬೆಲೆಯ ಮಾತಾಡಿದಳು. ಹೆಂಗಸರು ಹಿಡಿದ ಸೆರಗು ಹಿಡಿದಂತೆಯೇ ಕೂತರು. ಆಮೇಲೆ ಉದ್ದಣ್ಣ ಮೂಲೆಗೆ ಹೋಗಿ ಫೋನ್ ಎತ್ತಿದ. ಹದಿನೇಳು ಸಲವೂ ಅವನು ಅತ್ತೆಯ ಮಂಡಿನೋವಿಗೆ ಡಾಕ್ಟರನ್ನು ಕರೆದಿದ್ದ. ಈಗ ಪೊಲೀಸರಿಗೆ ಹೇಳಿದ: “ಇಬ್ಬರೂ ಇಲ್ಲಿಯೇ ಇದ್ದಾರೆ. ಬಂದು ಬಂಧಿಸಿರಿ. ನನ್ನನ್ನು ಮಾತ್ರ ಬಿಟ್ಟುಬಿಡಿ.”

“ನಿಲ್ಸಲಾ,” ಎಂದಳು ಮುನಿಗಂಗಮ್ಮ. ವೇಣು ನಿಲ್ಲಿಸಿದ. “ಉದ್ದಣ್ಣ ಅಂಥೋನಲ್ಲ ಕಣ್ಲಾ. ಎಲ್ಲಿಂದ ತಂದ್ಯೋ ಈ ಸುಳ್ಳು ಮಿಷಿನ್ನು?”

“ಅಜ್ಜಿ, ಇದೇ ನಿಜವಾದ್ದು.”

“ನಿನ್ ಮಿಷಿನ್‌ಗೆ ಇಂಗ್ಲಿಷ್ ಬರಲ್ಲ ಬುಡು,” ಎಂದು ಹಿಂದಿನಿಂದ ಸಂಘದ ಹುಡುಗ ಯತಿರಾಜ್ ನಕ್ಕ. ನಗು ಬೆಳೆಯಿತು. “ಎರಡು ವಾರ ಕೂತಿದ್ದು ಇದಕ್ಕಾ?” ಎಂದ ಇನ್ನೊಬ್ಬ.

ವೇಣು ರಾಮಾಂಜಿನಪ್ಪನವರ ಕಡೆ ನೋಡಿದ. ಅವನ ಕಿವಿ ಕೆಂಪಾಗಿತ್ತು. “ಮಾವ, ನೀನೇ ಹೇಳು. ಯಾವ್ದು ಸರಿ?”

ದಾರಿ ತೆರೆದೇ ಇತ್ತು. ಮಿಷಿನ್ ತಪ್ಪು ಎಂದರೆ ಮುಗಿಯಿತು. ವಿದ್ವತ್ತೂ ಉಳಿಯುತ್ತದೆ, ಶಾಲೂ ಉಳಿಯುತ್ತದೆ. ಗಂಗಾದೇವಿ ದೂರದಿಂದ ತಲೆ ಆಡಿಸಿ ಅದನ್ನೇ ಹೇಳುತ್ತಿದ್ದರು. ರಾಮಾಂಜಿನಪ್ಪ ಎದ್ದರು. ಬೇರೆಯವರ ಮಕ್ಕಳನ್ನು ಇಪ್ಪತ್ತನಾಲ್ಕು ವರ್ಷ ಕೆಡವದೆ ಮನೆ ಮುಟ್ಟಿಸಿದ ಮನುಷ್ಯ. ಈ ಹುಡುಗನನ್ನು ನಡುದಾರಿಯಲ್ಲಿ ಇಳಿಸಲು ಮನಸ್ಸು ಬರಲಿಲ್ಲ.

“ವೇಣು ತಂದಿರಾದೇ ಸರಿ. ನಂಗೆ ಇಂಗ್ಲಿಷ್ ಬರಲ್ಲ. ಅವತ್ತೂ ಬತ್ತಿರ್ಲಿಲ್ಲ.”

ಮುನಿಗಂಗಮ್ಮ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

“ಬರ್ದಿದ್ರೆ ಬ್ಯಾಡ ಬುಡು. ಆ ಮುದುಕಿ ಉದ್ದಣ್ಣನ ಸೋದರತ್ತೆ ಹೌದೋ ಅಲ್ವೋ, ಅಷ್ಟು ಹೇಳು.”

“ಅವ್ರ ಲೆಕ್ಕದಾಗೆ ಅಲ್ಲ.”

“ಅವ್ರನ್ನ ಯಾರ್ ಕೇಳಿದ್ರು? ನಿನ್ ಲೆಕ್ಕದಾಗೆ?”

“ಅತ್ತೇನೇ,” ಎಂದರು ರಾಮಾಂಜಿನಪ್ಪ. ಅದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಹಂಗಾದ್ರೆ ಮೈಕ್ ಹಿಡ್ಕೊಂಡು ಮೊದ್ಲಿಂದ ಹೇಳು. ಅಳಾಕೆ ಅಂತಲೇ ಬಂದಿವ್ನಿ, ಉಪ್ಪಿನ ರೇಟ್ ಕೇಳಾಕಲ್ಲ.”

ವೇಣು ತಾನೇ ಸದ್ದು ಅಡಗಿಸಿದ. ಚಿತ್ರವನ್ನು ಮೊದಲಿಗೆ ತಂದು ನಿಲ್ಲಿಸಿ, ಮೈಕ್ ಕೈಗಿಡುವಾಗ ಅವನ ಹುಬ್ಬು ಗಂಟಾಗಿತ್ತು. ಮನಸ್ಸಿನಲ್ಲೇ ಏನನ್ನೋ ಕೂಡಿಸಿ ನೋಡುತ್ತಿದ್ದ.

“ಮಾವ, ಅತ್ತೆ ಮುನಿಸು, ಮಂಡಿನೋವು, ಡುಮ್ಮನ ತಮಿಳು... ಇದ್ಯಾವ್ದೂ ಪಿಕ್ಚರ್‌ನಾಗೆ ಇಲ್ಲ. ಮತ್ತೆ ಇಷ್ಟು ವರ್ಷ ನಾವು ನೋಡಿದ ಕತೆ ಬರ್ದೋರು ಯಾರು?”

ರಾಮಾಂಜಿನಪ್ಪ ತಬ್ಬಿಬ್ಬಾದರು. ಸಿಕ್ಕಿಬೀಳದಂತೆ ಗಾಡಿ ಓಡಿಸುವುದರಲ್ಲಿ ಹದಿನೆಂಟು ವರ್ಷ ಕಳೆದಿತ್ತು. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹೆಗಲಿನ ಶಾಲನ್ನು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

“ನಾನೇ ಕಣ್ಲಾ,” ಎಂದರು.

ಮೈಕ್ ಆಗಲೇ ಆನ್ ಆಗಿತ್ತು. ಮಾತು ಡೈರಿಯ ತಗಡಿನ ಮಾಡಿಗೆ ಬಡಿದು, ಹೊರಗೆ ಎಮ್ಮೆ ಹಿಡಿದುಕೊಂಡು ನಿಂತವರಿಗೂ ಕೇಳಿಸಿತು.